ಬಲಗಡೆಯ ಕಾರ್ಡು

ಊರಿನ ಅರ್ಧಕ್ಕಿಂತ ಹೆಚ್ಚು ಬಾಗಿಲುಗಳನ್ನು ತಟ್ಟಿದ ಕೈ ಅದು. ಯಾವ ಮನೆಯ ಕರೆಗಂಟೆ ಕೆಟ್ಟಿದೆ, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಹೇಳದೆ ಕೇಳದೆ ಕಾಲಿಗೆ ಬಾಯಿ ಹಾಕುತ್ತದೆ ಎಂಬುದೆಲ್ಲ ಕಾರ್ಡಕ್ಕನಿಗೆ ಕಂಠಪಾಠವಾಗಿತ್ತು. ಹೆತ್ತವರು ಇಟ್ಟ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೀದಿಯಲ್ಲಿ ಆಡುವ ಮಕ್ಕಳು ಕೂಡ "ಅಮ್ಮಾ, ಕಾರ್ಡಕ್ಕ ಬಂದ್ರು!" ಎಂದೇ ಒಳಗೆ ಕೂಗಿ ಹೇಳುತ್ತಿದ್ದವು.

ಆಕೆ ಮಾರುಕಟ್ಟೆ ಸಮೀಕ್ಷೆ ನಡೆಸುವ ಒಂದು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮನೆಮನೆ ಸುತ್ತುತ್ತಿದ್ದಳು. ಜನರಿಗೆ ಏನು ಬೇಕು ಎಂದು ನೇರವಾಗಿ ಕೇಳಿದರೆ ಎಲ್ಲವೂ ಬೇಕು ಎನ್ನುತ್ತಾರೆ. ಸೋಪು ಘಮಘಮ ಎನ್ನಬೇಕು, ಬೇಗ ಕರಗಬಾರದು, ಅಗ್ಗವೂ ಆಗಿರಬೇಕು. ಅದಕ್ಕಾಗಿಯೇ ಈ ಕೆಲಸದಲ್ಲಿ ಹಾಗೆ ಕೇಳುವುದಿಲ್ಲ. ಮೂರು ಕಾರ್ಡುಗಳನ್ನು ಮುಂದಿಟ್ಟು, "ಇದರಲ್ಲಿ ಒಂದನ್ನು ಆರಿಸಿ" ಎನ್ನುತ್ತಾರೆ. ಘಮ ಇರುವುದು ತುಟ್ಟಿ, ಅಗ್ಗದ್ದು ಬೇಗ ಕರಗುವಂಥದ್ದು. ಯಾವುದನ್ನು ಬಿಟ್ಟು ಯಾವುದನ್ನು ಹಿಡಿದರು ಎಂಬುದರಲ್ಲಿ ಮನಸ್ಸು ತಾನಾಗಿ ಹೊರಬೀಳುತ್ತದೆ. ಹೀಗೆ ಒಬ್ಬೊಬ್ಬರ ಮುಂದೆ ಹನ್ನೆರಡು ಸಲ, ಸಲಕ್ಕೆ ಮೂರು ಹೊಸ ಕಾರ್ಡು.

ಈ ಹನ್ನೆರಡು ಸಲದ ಒಳಗುಟ್ಟು ಆಕೆಗೆ ಯಾವ ತರಬೇತಿಯೂ ಹೇಳಿಕೊಡದೆ ತಿಳಿದಿತ್ತು. ಆರನೆಯದರ ತನಕ ಜನ ಓದುತ್ತಾರೆ. ಏಳರಿಂದಾಚೆ ಕಣ್ಣು ಒಲೆಯ ಕಡೆ, ಕಿವಿ ಫೋನಿನ ಕಡೆ. ಕೈ ಮಾತ್ರ ಹತ್ತಿರ ಯಾವುದಿದೆಯೋ ಅದರ ಮೇಲೆ ಬೀಳುತ್ತದೆ, ಮತ್ತು ಹತ್ತಿರದ್ದು ಸಾಮಾನ್ಯವಾಗಿ ಬಲಗಡೆಯದು. "ಹತ್ತನೇ ಸಲಕ್ಕೆ ಬಲಗಡೆ ನನ್ನ ಚಪ್ಪಲಿ ಇಟ್ಟರೂ ‘ಇದೇ ಇರಲಿ ಬಿಡಿ’ ಅಂತಾರೆ" ಎಂದು ಆಕೆ ಕಚೇರಿಯಲ್ಲಿ ನಗಿಸುತ್ತಿದ್ದಳು. ಅದಕ್ಕೇ ಒಂದೊಂದು ಮನೆಗೂ ಒಂದೊಂದು ಚೀಟಿ ಕೊಡುತ್ತಿದ್ದರು: ಈ ಮನೆಯಲ್ಲಿ ಈ ಕಾರ್ಡು ಎಡಕ್ಕೆ, ಆ ಮನೆಯಲ್ಲಿ ಅದೇ ಕಾರ್ಡು ಬಲಕ್ಕೆ. ಎಲ್ಲ ಕಾರ್ಡುಗಳಿಗೂ ಬಲಗಡೆ ಕೂರುವ ಸರದಿ ಬಂದರೆ ಬಳಲಿದ ಕೈಯ ತಪ್ಪು ಯಾವುದೋ ಒಂದರ ಪಾಲಿಗೇ ಬೀಳುವುದಿಲ್ಲ.

ಇಷ್ಟು ಬಲ್ಲವಳೇ ಎಡವಿದ್ದು ವೈದ್ಯಕೀಯ ಡಿಪ್ಲೊಮಾದ ಸಮೀಕ್ಷೆಯಲ್ಲಿ.

ಊರಿನಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿದ್ದವು. ಒಂದು ಹಳೆಯದು. ಅದರ ಗೋಡೆಗಳಲ್ಲಿ ಬಿರುಕು, ಹೆಸರಿನಲ್ಲಿ ತೂಕ. ಇನ್ನೊಂದು ಹೊಸದು, ಗಾಜಿನ ಕಟ್ಟಡ. ಇವೆರಡೂ ಕೂಡಿ ಒಂದು ಜಂಟಿ ಡಿಪ್ಲೊಮಾ ಆರಂಭಿಸಬೇಕೆಂದಿದ್ದವು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅರಿವಳಿಕೆ ಕೊಡುವ ವೈದ್ಯರ ಪಕ್ಕದಲ್ಲಿ ನಿಂತು, ರೋಗಿಯ ಉಸಿರನ್ನೂ ನಾಡಿಯನ್ನೂ ಯಂತ್ರಗಳನ್ನೂ ನೋಡಿಕೊಳ್ಳುವ ಸಹಾಯಕರ ಓದು ಅದು. ಒಂದೇ ಪ್ರಮಾಣಪತ್ರದ ಮೇಲೆ ಎರಡು ಕಾಲೇಜುಗಳ ಮುದ್ರೆ. ಎಷ್ಟು ವರ್ಷ ಇರಬೇಕು, ಯಾರ ಹೆಸರು ಮೇಲಿರಬೇಕು, ಶುಲ್ಕವೆಷ್ಟು, ಆಸ್ಪತ್ರೆಯ ವಾರ್ಡಿನಲ್ಲಿ ಕೈತರಬೇತಿ ನಾಲ್ಕು ತಿಂಗಳೋ ಎಂಟೋ ಹನ್ನೆರಡೋ ಎಂಬುದನ್ನು ಜನರ ಒಲವು ನೋಡಿ ನಿರ್ಧರಿಸೋಣವೆಂದು ಅವರು ಈ ಕಚೇರಿಗೆ ಕೆಲಸ ಒಪ್ಪಿಸಿದರು. ಆರುನೂರು ಮನೆ, ಐದು ಜನ ಸುತ್ತುವವರು.

ಮೊದಲ ವಾರವೇ ಕಾರ್ಡಕ್ಕನ ಆರು ಹಾಳೆಗಳು ವಾಪಸ್ಸು ಬಂದವು. ಕಾರ್ಡಿನ ಹಿಂದಿನ ಸಂಕೇತಗಳನ್ನು ಅದಲು ಬದಲು ಬರೆದುಬಿಟ್ಟಿದ್ದಳು. ಕಣ್ಣು ಮೊದಲಿನಂತಿರಲಿಲ್ಲ. ಮೇಲ್ವಿಚಾರಕ ಹತ್ತು ವರ್ಷದ ಹಿಂದೆ ಆಕೆಯ ಹಿಂದೆಯೇ ಚೀಲ ಹೊತ್ತು ಸುತ್ತಿ ಕೆಲಸ ಕಲಿತವನು. ಆರೂ ಹಾಳೆಗಳನ್ನು ಮೇಜಿನ ಮೇಲೆ ಬೀಸಣಿಗೆಯಂತೆ ಹರಡಿದ.

"ಏನಕ್ಕ ಇದು? ನೀವೇ ಹೀಗೆ ಮಾಡಿದರೆ ಹೊಸಬರಿಗೆ ನಾನು ಯಾವ ಬಾಯಲ್ಲಿ ಬುದ್ಧಿ ಹೇಳಲಿ?"

ಕಾರ್ಡಕ್ಕನಿಗೆ ತಲೆ ತಗ್ಗಿಸುವಂತಾಯಿತು. ಮನೆಗೆ ಬಂದವಳೇ ಕಾರ್ಡುಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದುಕೊಂಡಳು. ಪ್ರತಿ ಕಂತೆಯ ಮೂರನ್ನೂ ತರಬೇತಿಯ ತಿಂಗಳಿನ ಪ್ರಕಾರ, ಶಾಲೆಯಲ್ಲಿ ಮಕ್ಕಳನ್ನು ಎತ್ತರ ನೋಡಿ ಸಾಲು ನಿಲ್ಲಿಸಿದ ಹಾಗೆ ಜೋಡಿಸಿದಳು: ಹನ್ನೆರಡು ಎಡಕ್ಕೆ, ಎಂಟು ನಡುವೆ, ನಾಲ್ಕು ಬಲಕ್ಕೆ. ಹನ್ನೆರಡು ಕಂತೆಗೂ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿದಳು. ಇನ್ನು ಸಂಕೇತ ತಪ್ಪುವ ಮಾತೇ ಇರಲಿಲ್ಲ. ಮನೆಮನೆಯ ಚೀಟಿಗಳು ಚೀಲದ ತಳ ಸೇರಿದವು. ಚೀಟಿ ಯಾತಕ್ಕೆ ಎಂಬುದನ್ನು ಆಕೆ ಮರೆತಿದ್ದಳೆಂದಲ್ಲ. ಆ ವಾರ ಬೈಗುಳದ ಭಯವೇ ಹೆಚ್ಚಾಗಿತ್ತು, ಅಷ್ಟೆ. ಆಮೇಲೆ ಅದೇ ರೂಢಿಯಾಯಿತು. ಕಾರ್ಡು ಅದಲಿಸುವ ಹೊತ್ತು ಉಳಿದದ್ದರಿಂದ ಕಾಲಿಗೆ ಚಕ್ರ ಕಟ್ಟಿದಂತಾಗಿ, ಆರುನೂರರಲ್ಲಿ ಇನ್ನೂರ ಎಪ್ಪತ್ತು ಮನೆಗಳನ್ನು ಆಕೆಯೊಬ್ಬಳೇ ಮುಗಿಸಿದಳು. ಮತ್ತೆ ಒಂದು ಹಾಳೆಯೂ ವಾಪಸ್ಸು ಬರಲಿಲ್ಲ. ಮೇಲ್ವಿಚಾರಕ ಎಲ್ಲರೆದುರು ಬೆನ್ನು ತಟ್ಟಿದ. ಇನ್ನು ಮೇಲೆ ಬಿಸಿಲಲ್ಲಿ ಸುತ್ತುವುದು ಬೇಡ, ಹೊಸಬರಿಗೆ ಕಲಿಸುತ್ತ ಕಚೇರಿಯಲ್ಲೇ ಇರಿ ಎಂದು ದೊಡ್ಡವರಿಂದ ಆದೇಶ ಬಂತು.

ಕಾರ್ಡಕ್ಕನ ಮನೆಯಲ್ಲಿ ಇದ್ದವರು ಇಬ್ಬರೇ, ಆಕೆ ಮತ್ತು ತಂಗಿಯ ಮಗಳು. ತಂಗಿ ತೀರಿಕೊಂಡಾಗ ಮೂರು ವರ್ಷದ ಕೂಸು. ಹಗಲೆಲ್ಲ ಕುಂಯ್ ಕುಂಯ್ ಎಂದು ರಾಗ ಎಳೆಯುತ್ತಿದ್ದುದರಿಂದ ದೊಡ್ಡಮ್ಮ ಆಕೆಗೆ ‘ಪಿಟೀಲು’ ಎಂದು ಹೆಸರಿಟ್ಟಿದ್ದಳು. ಹದಿನೆಂಟಾದರೂ ಆ ಹೆಸರು ಹೋಗಿರಲಿಲ್ಲ, ರಾಗವೂ ನಿಂತಿರಲಿಲ್ಲ. ಎದ್ದಾಗಿನಿಂದ ಮಲಗುವ ತನಕ ಮಾತು. ಹಲ್ಲುಜ್ಜುವಾಗಲೂ ನೊರೆ ಉಗುಳಿ ಉಗುಳಿ ಮಾತಾಡುವ ಹುಡುಗಿ.

ಒಂದು ಮಧ್ಯಾಹ್ನ ಪಿಟೀಲು ಮೆಟ್ಟಿಲು ಎರಡೆರಡು ಹಾರುತ್ತ ಬಂದಳು. ಕೈಯಲ್ಲಿ ನುಣುಪು ಕಾಗದದ ಪುಸ್ತಿಕೆ.

"ದೊಡ್ಡಮ್ಮಾ! ಇನ್ನೂ ಚಪ್ಪಲಿ ಬಿಚ್ಚಿಲ್ಲ ನೋಡು ನಾನು, ಮೊದಲು ಇದನ್ನ ಕೇಳು. ಮೊದಲ ಪಟ್ಟೀಲೇ ನನ್ನ ಹೆಸರಿದೆ! ಎರಡು ಕಾಲೇಜು, ಒಂದೇ ಸರ್ಟಿಫಿಕೇಟು. ಹಳೇದರ ಹೆಸರೂ ಸಿಕ್ತು, ಹೊಸದರ ಹವಾನಿಯಂತ್ರಣಾನೂ ಸಿಕ್ತು."

"ಹವಾ ತಿನ್ನೋಕೆ ಹೋಗ್ತೀಯಾ, ಓದೋಕೆ ಹೋಗ್ತೀಯಾ?" ಎಂದು ದೊಡ್ಡಮ್ಮ ನಕ್ಕು ಪುಸ್ತಿಕೆ ತೆಗೆದುಕೊಂಡಳು.

ಮೂರನೆಯ ಪುಟದಲ್ಲಿ ಕೈ ನಿಂತಿತು. ವಾರ್ಡಿನ ಕೈತರಬೇತಿ: ನಾಲ್ಕು ತಿಂಗಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ವಿದ್ಯಾರ್ಥಿಗಳ ಮತ್ತು ಪೋಷಕರ ಒಲವನ್ನು ವೈಜ್ಞಾನಿಕವಾಗಿ ಅಳೆದು ಈ ಪಠ್ಯಕ್ರಮವನ್ನು ರೂಪಿಸಲಾಗಿದೆ ಎಂದು ಅಚ್ಚಾಗಿತ್ತು. ಕಾರ್ಡಕ್ಕನಿಗೆ ಆ ನಾಲ್ಕು ತಿಂಗಳನ್ನು ಇನ್ನೂರ ಎಪ್ಪತ್ತು ಮನೆಗಳ ಬಲಗಡೆಗೆ ತಾನೇ ತನ್ನ ಕೈಯಾರೆ ಇಟ್ಟದ್ದು ಕಣ್ಣಿಗೆ ಕಟ್ಟಿತು.

"ಏನಾಯ್ತು ದೊಡ್ಡಮ್ಮ?"

"ಏನಿಲ್ಲ. ಅಕ್ಷರ ಸಣ್ಣದು."

ತಲೆಯಲ್ಲಿ ಹುಳ ಬಿಟ್ಟುಕೊಂಡವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಜನರಿಗೆ ನಿಜವಾಗಿಯೂ ನಾಲ್ಕು ತಿಂಗಳೇ ಬೇಕಾಗಿತ್ತೇನೋ, ಯಾರು ಬಲ್ಲರು? ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಅದನ್ನು ತಿಳಿಯಲು ಆಕೆಗೆ ಗೊತ್ತಿದ್ದ ದಾರಿ ಒಂದೇ. ಕಚೇರಿಯ ಕಪಾಟಿನಿಂದ ಹಳೆಯ ಕಾರ್ಡು ತೆಗೆದಳು, ಚೀಲದ ತಳದಿಂದ ಚೀಟಿಗಳನ್ನು ಹೊರಗೆಳೆದಳು, ಎರಡು ವಾರದ ರಜೆಯ ದಿನಗಳಲ್ಲಿ ಹಿಂದೆ ಹೋಗಿದ್ದ ಮನೆಗಳಿಗೇ ಮತ್ತೆ ಹೋದಳು. ಈ ಸಲ ಚೀಟಿಯಲ್ಲಿದ್ದಂತೆಯೇ ಇಟ್ಟಳು. ಮೂವತ್ತು ಮನೆ. ಹೋದ ಸಲ ಹೆಚ್ಚಿನವರು ಹಿಡಿದಿದ್ದ ನಾಲ್ಕು ತಿಂಗಳ ಕಡೆ ಈ ಸಲ ವಾಲಿದವರು ಒಂಬತ್ತು ಮನೆಯವರು ಮಾತ್ರ.

ಮೂವತ್ತನೆಯದು ನಿವೃತ್ತ ನರ್ಸಮ್ಮನ ಮನೆ. ಮೊಮ್ಮಗಳು ಈ ಓದಿಗೆ ಸೇರಬಹುದೆಂದು ಆ ಮನೆಯೂ ಪಟ್ಟಿಯಲ್ಲಿತ್ತು. ನರ್ಸಮ್ಮ ಕನ್ನಡಕ ಏರಿಸಿಕೊಂಡು ಒಂದೊಂದು ಕಾರ್ಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"ಹೋದ ಸಲ ನಾನು ಯಾವುದನ್ನು ಆರಿಸಿದ್ದೆ?"

ಹೇಳಬಾರದೆಂಬ ನಿಯಮ. ಆದರೆ ಕಾರ್ಡಕ್ಕ ಹೇಳಿಬಿಟ್ಟಳು. "ಕೊನೇ ಆರು ಸಲ ನಾಲ್ಕು ತಿಂಗಳದ್ದು."

"ನಾನಾ?" ನರ್ಸಮ್ಮನ ಮುಖ ಕೆಂಪೇರಿತು. "ಆವತ್ತು ಒಲೆ ಮೇಲೆ ಹಾಲಿತ್ತು, ನೀನು ಕೂತೇ ಇದ್ದೆ, ಕೈಗೆ ಸಿಕ್ಕಿದ್ದು ತಗೊಂಡಿರ್ತೀನಿ. ಅದನ್ನ ನನ್ನ ಅಭಿಪ್ರಾಯ ಅಂತ ಬರ್ಕೊಂಡು ಹೋದೆಯಾ? ಮೂವತ್ತೈದು ವರ್ಷ ಆಪರೇಷನ್ ಟೇಬಲ್ ತಲೆ ಕಡೆ ನಿಂತವಳು ಕಣಮ್ಮ ನಾನು. ಮೊದಲ ನಾಲ್ಕು ತಿಂಗಳು ಕೈ ನಡುಗೋದು ನಿಲ್ಲೋಕೇ ಬೇಕು. ಕಲಿಯೋದು ಅಲ್ಲಿಂದಾಚೆಗೆ."

ಕಾರ್ಡಕ್ಕ ಕಾರ್ಡುಗಳನ್ನು ಕಂತೆ ಕಟ್ಟಿದಳು. 

ಮರುದಿನ ಬೆಳಿಗ್ಗೆಯೇ ಮೇಲ್ವಿಚಾರಕನೆದುರು ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಆತ ಮೊದಲು ಎದ್ದು ಬಾಗಿಲು ಮುಚ್ಚಿದ.

"ಅಕ್ಕ, ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಇಲ್ಲ."

"ಹೇಳಬೇಡಿ. ನಿಮ್ಮೊಬ್ಬರದ್ದೇ ಅಲ್ವಲ್ಲ, ಉಳಿದ ನಾಲ್ಕು ಜನರದ್ದೂ ಅದರಲ್ಲಿ ಸೇರಿದೆ."

"ಆರುನೂರರಲ್ಲಿ ಇನ್ನೂರ ಎಪ್ಪತ್ತು ನನ್ನವು. ಅದು ತಕ್ಕಡಿ ವಾಲಿಸೋಲ್ವಾ?"

ಆತ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಕುಳಿತ. ಕೊನೆಗೆ, "ವರದಿ ಹೋಗಿ ಮೂರು ತಿಂಗಳಾಯ್ತು. ಪುಸ್ತಿಕೆ ಅಚ್ಚಾಗಿದೆ, ಪಟ್ಟಿ ಬಿಟ್ಟಿದ್ದಾರೆ. ಈಗ ಹೋಗಿ ನಮ್ಮ ಅಳತೆ ತಪ್ಪು ಅಂದ್ರೆ ನಾಳೆಯಿಂದ ಈ ಕಚೇರಿ ಮುಖ ಯಾರು ನೋಡ್ತಾರೆ? ಇಲ್ಲಿ ಹದಿನಾಲ್ಕು ಜನ ದುಡೀತಿದ್ದೀವಿ. ಆ ಆರು ಹಾಳೆ ವಾಪಸ್ ಮಾಡಿದ್ದು ನಾನು, ಒಪ್ಕೊಳ್ತೀನಿ. ಹಾಗಂತ ನನ್ನ ಕುತ್ತಿಗೆಗೆ ತರ್ತೀರಾ?" ಎಂದ.

"ನಿನ್ನ ಹೆಸರು ನಾನೆಲ್ಲಿ ಎತ್ತಿದೆನಪ್ಪ? ರಬ್ಬರ್ ಬ್ಯಾಂಡ್ ಹಾಕಿದ್ದು ನಾನು."

"ಹಾಗಾದ್ರೆ ನನಗೇನೂ ಗೊತ್ತಿಲ್ಲ, ನೀವೇನೂ ಹೇಳಿಲ್ಲ" ಎಂದು ಆತ ಫೋನು ಎತ್ತಿಕೊಂಡ. ಅದು ರಿಂಗಾಗಿರಲಿಲ್ಲ.

ಕಚೇರಿಯ ಕೆಲಸ ಹೋಗುವುದು ಕಾರ್ಡಕ್ಕನಿಗೆ ದೊಡ್ಡ ಹೆದರಿಕೆಯಾಗಿರಲಿಲ್ಲ. ಹೆದರಿಕೆ ಬೇರೆಯದೇ. ತಾನು ಬಾಯಿ ಬಿಟ್ಟರೆ ಆ ಓದು ಈ ವರ್ಷ ಆರಂಭವಾಗುವುದೇ ಅನುಮಾನ. ಹುಡುಗಿ ಅಂಥದ್ದೊಂದು ಓದಿಗೆ ಸೇರಬೇಕೆಂದು ಎರಡು ವರ್ಷ ತಲೆ ಬಗ್ಗಿಸಿ ಓದಿದ್ದಳು. ಬೇರೆ ಎಲ್ಲಿಯೂ ಅರ್ಜಿ ಹಾಕಿರಲಿಲ್ಲ. ಗುಟ್ಟಾಗಿ ಪತ್ರ ಹಾಕಿ ಸುಮ್ಮನಿರಬಹುದಿತ್ತು. ಯಾರು ಹಾಕಿದರೆಂದು ಹುಡುಗಿಗೆ ಎಂದೂ ತಿಳಿಯುತ್ತಿರಲಿಲ್ಲ. ಹದಿನೈದು ವರ್ಷ ಎದುರುಬದುರು ಕೂತು ಉಂಡವರ ನಡುವೆ ಅಂಥದ್ದು ಒಂದು ದಿನವೂ ನಿಲ್ಲದು ಎಂದು ಆಕೆಗೆ ಅನ್ನಿಸಿತು.

ಸಂಜೆ ಒಣಗಿದ ಬಟ್ಟೆ ತೆಗೆಯಲು ಇಬ್ಬರೂ ಮಹಡಿಯ ಮೇಲೆ ಹೋದಾಗ ಹೇಳಿದಳು. ಪಿಟೀಲು ಹೆಗಲ ತುಂಬ ಬಟ್ಟೆ ಹೊತ್ತುಕೊಂಡೇ ಕೇಳಿದಳು. ನಡುವೆ ಒಂದು ಮಾತೂ ಆಡಲಿಲ್ಲ. ಅದೇ ಕೆಟ್ಟ ಲಕ್ಷಣ.

"ಅದಕ್ಕೆ?" ಎಂದಳು ಕೊನೆಗೆ.

"ಅದಕ್ಕೆ, ಕಾಲೇಜಿನವರಿಗೆ ಹೇಳಬೇಕು ಅಂತಿದೀನಿ."

"ನನ್ನ ಹೆಸರು ಪಟ್ಟೀಲಿದೆ ದೊಡ್ಡಮ್ಮ. ಗೊತ್ತಿದ್ದೂ ಹೇಳ್ತೀಯಾ?"

"ಗೊತ್ತಿದ್ದೇ ಹೇಳ್ತಿದೀನಿ ಕಣೇ."

"ನಾಲ್ಕು ತಿಂಗಳಾದ್ರೆ ಏನೀಗ? ಉಳಿದದ್ದನ್ನ ಕೆಲಸಕ್ಕೆ ಸೇರಿದ ಮೇಲೆ ಕಲೀತೀನಿ. ಎಲ್ಲರೂ ಹಾಗೇ ಕಲಿಯೋದು!"

"ಯಾರ ಮೇಲೆ ಕಲೀತೀಯೆ?"

 ಹಗ್ಗದ ಮೇಲೆ ಉಳಿದಿದ್ದ ಒಂದು ದಿಂಬಿನ ಚೀಲ ಗಾಳಿಗೆ ಉಬ್ಬಿ ತಗ್ಗುತ್ತಿತ್ತು. ಪಿಟೀಲು ಹೆಗಲ ಮೇಲಿನ ಬಟ್ಟೆಯನ್ನೆಲ್ಲ ದೊಡ್ಡಮ್ಮನ ಕೈಗೆ ತುಂಬಿ, "ನಿನ್ನ ತಪ್ಪಿಗೆ ನಾನು ಯಾಕೆ ದಂಡ ತೆರಬೇಕು, ಅದನ್ನ ಹೇಳು ಮೊದಲು" ಎಂದು ಕೆಳಗಿಳಿದು ಹೋದಳು.

ಕಾರ್ಡಕ್ಕ ಹಗ್ಗದ ಮೇಲಿನ ದಿಂಬಿನ ಚೀಲವನ್ನೂ ತೆಗೆದು ಬಟ್ಟೆಯ ರಾಶಿಗೆ ಸೇರಿಸಿಕೊಂಡಳು. 

ಜಂಟಿ ಸಮಿತಿಯ ಕಚೇರಿ ಹಳೆಯ ಕಾಲೇಜಿನ ಹಿಂಬದಿಯಲ್ಲಿತ್ತು. ಉದ್ದನೆಯ ಓಣಿ, ಸಾಲು ಕುರ್ಚಿ, ಫಿನಾಯಿಲ್ ವಾಸನೆ. ಇಪ್ಪತ್ತೆರಡು ವರ್ಷ ಪರರ ಬಾಗಿಲು ತಟ್ಟಿದವಳಿಗೆ ಈ ಬಾಗಿಲನ್ನು ತಟ್ಟಲು ಬೇಗ ಕೈ ಏಳಲಿಲ್ಲ; ಕೊನೆಗೆ ತಟ್ಟಿದಳು. ಒಳಗಿದ್ದ ಹಿರಿಯ ವೈದ್ಯರು ಆಕೆ ಕೈಯಾರೆ ಬರೆದ ಎರಡು ಪುಟದ ಪತ್ರವನ್ನೂ ಮೂವತ್ತು ಮನೆಯ ಹಾಳೆಗಳನ್ನೂ ಓದಿದರು. ಓದಿ ಮುಗಿಸಿ, ಮೊದಲಿನಿಂದ ಮತ್ತೆ ಓದಿದರು.

"ನಿಮಗೆ ಇದನ್ನ ಬರೆಯೋಕೆ ಯಾರಾದ್ರೂ ಹೇಳಿದರಾ ತಾಯಿ?"

"ಬರೀಬೇಡ ಅಂತ ಹೇಳಿದರು, ಡಾಕ್ಟ್ರೇ."

ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೆರಡು ತಿಂಗಳು ಬೇಕೇ ಬೇಕು ಅಂತ ನಾವು ಕೆಲವರು ಗಂಟಲು ಹರಿದುಕೊಂಡೆವು. ಜನಕ್ಕೆ ಬೇಡವಂತೆ, ನೋಡಿ ಅಂಕಿಅಂಶ ಅಂತ ಹೊಸ ಕಾಲೇಜಿನವರು ನಿಮ್ಮ ವರದಿ ಮುಂದಿಟ್ಟರು. ನಾವು ಬಾಯಿ ಮುಚ್ಚಬೇಕಾಯ್ತು." ಪತ್ರವನ್ನು ಮಡಿಸುತ್ತ, "ಈ ವರ್ಷದ ಪ್ರವೇಶ ನಿಲ್ಲಬಹುದು. ಸೇರಬೇಕಾಗಿದ್ದ ಮಕ್ಕಳು ಶಪಿಸ್ತಾರೆ" ಎಂದರು.

"ಒಬ್ಬಳಂತೂ ಆಗಲೇ ಶುರು ಮಾಡಿದ್ದಾಳೆ" ಎಂದಳು ಕಾರ್ಡಕ್ಕ.

ಹತ್ತು ದಿನದಲ್ಲಿ ಪ್ರಕಟಣೆ ಬಂತು: ಪಠ್ಯಕ್ರಮವನ್ನು ಮರುಪರಿಶೀಲಿಸಲಾಗುವುದು, ಪ್ರವೇಶವನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ, ಸಮೀಕ್ಷೆಯನ್ನು ಬೇರೊಂದು ಸಂಸ್ಥೆಯಿಂದ ಹೊಸದಾಗಿ ಮಾಡಿಸಲಾಗುವುದು. ಕಚೇರಿಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಮೇಲ್ವಿಚಾರಕ ಆಕೆಯ ಚೀಲ ಪಡೆದುಕೊಂಡು, ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಅಳತೆಪಟ್ಟಿ ಇಟ್ಟು ನೇರವಾಗಿ ಒಂದು ಗೆರೆ ಎಳೆದ. "ಕಲಿಸಿದವರು ನೀವು, ಏನು ಹೇಳಲಿ ನಿಮಗೆ" ಎಂದಷ್ಟೇ ಅಂದ.

ಮನೆಯಲ್ಲಿ ಪಿಟೀಲು ಮೂಕವಾಯಿತು. ಕೇಳಿದ್ದಕ್ಕೆ "ಹೂಂ", "ಉಹೂಂ", ಅಷ್ಟೆ. ಬೆಳಿಗ್ಗೆ ಎದ್ದು ಯಾವುದೋ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಬಂದು ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ಮನೆ ಎಷ್ಟು ಸಣ್ಣದೆಂದು ಕಾರ್ಡಕ್ಕನಿಗೆ ಆಗ ಗೊತ್ತಾಯಿತು. ಇಷ್ಟು ಸಣ್ಣ ಮನೆಯನ್ನು ಇಷ್ಟು ವರ್ಷ ಆ ಹುಡುಗಿ ಬರೀ ಬಾಯಿಂದಲೇ ತುಂಬಿಸಿದ್ದಳಲ್ಲ ಎಂದು ಅಚ್ಚರಿಯೂ ಆಯಿತು. ಒಂದು ದಿನ ತಡೆಯಲಾರದೆ, "ಬೈದಾದ್ರೂ ಬಿಡೇ" ಎಂದಳು. ಹುಡುಗಿ ತಟ್ಟೆ ತೊಳೆದಿಟ್ಟು ಎದ್ದು ಹೋದಳು.

ಇಪ್ಪತ್ತು ದಿನ ಹೀಗೆಯೇ ಕಳೆದ ಮೇಲೆ, ಒಂದು ರಜೆಯ ದಿನ ಬೆಳಿಗ್ಗೆ ಬಾಗಿಲಿನಲ್ಲಿ ಕರೆಗಂಟೆ ಸದ್ದಾಯಿತು. ಒಳಕೋಣೆಯಲ್ಲಿದ್ದ ಕಾರ್ಡಕ್ಕನಿಗೆ ಬಂದವಳ ಮೊದಲ ವಾಕ್ಯ ಕೇಳಿದ ಕೂಡಲೇ ಯಾರೆಂದು ಗೊತ್ತಾಯಿತು. ಹೊಸ ಸಂಸ್ಥೆಯವಳು. ಹಳೆಯ ಪ್ರವೇಶ ಪಟ್ಟಿಯಲ್ಲಿದ್ದವರ ಮನೆಗಳಿಗೆಲ್ಲ ಬರುತ್ತಿದ್ದರು. ಯಾವ ಸಮೀಕ್ಷೆಯೇ ಆಗಲಿ, ಆರಂಭದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ಇದೇ ಕಸುಬಿನವರು ಇರುವ ಮನೆಯ ಉತ್ತರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ನಿಮ್ಮ ಮನೇಲಿ ಯಾರಾದ್ರೂ ಸಮೀಕ್ಷೆ ಕೆಲಸದಲ್ಲಿದ್ದಾರಾ?"

"ಇದ್ರು," ಎಂದಿತು ಪಿಟೀಲಿನ ದನಿ. "ಈಗಿಲ್ಲ."

ಕಾರ್ಡಕ್ಕ ಮಡಿಸುತ್ತಿದ್ದ ಹೊದಿಕೆಯನ್ನು ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹೊರಗೆ ಮೇಜಿನ ಮೇಲೆ ಕಾರ್ಡು ಇಡುವ ಸದ್ದು ಕೇಳಿಸಿತು: ಒಂದು, ಎರಡು, ಮೂರು. ಬಹಳ ಹೊತ್ತು ಬಿಟ್ಟು ಮತ್ತೆ ಮೂರು. ಏಳನೆಯ ಸಲ ದಾಟಿತು, ಎಂಟೂ ದಾಟಿತು.

"ಮನಸ್ಸಿಗೆ ಬಂದದ್ದು ಆರಿಸಿ, ಅಷ್ಟೆಲ್ಲ ಯೋಚನೆ ಬೇಡ" ಎಂದಿತು ಹೊಸ ಹುಡುಗಿಯ ಅವಸರದ ದನಿ.

"ಓದ್ತಾ ಇದೀನಲ್ಲ, ತಾಳಿ ಸ್ವಲ್ಪ. ನಿಮಗೇನು ರೈಲಿದೆಯಾ?"

ಒಂದು ತಾಸಿನ ಮೇಲೆ ಬಾಗಿಲು ಮುಚ್ಚಿತು. ಪಿಟೀಲು ಬಂದು ಒಳಕೋಣೆಯ ಹೊಸ್ತಿಲಲ್ಲಿ ನಿಂತಳು. ದೊಡ್ಡಮ್ಮನ ಮುಖ ನೋಡಲಿಲ್ಲ, ಹೊದಿಕೆಯನ್ನು ನೋಡುತ್ತ ಹೇಳಿದಳು.

"ಅಷ್ಟು ಹೊತ್ತು ಕೂತಿದ್ಲು. ಒಂದು ಲೋಟ ಟೀ ಕೊಟ್ಟೆ, ಕುಡೀಲಿಲ್ಲ."

"ನಾವು ಯಾರ ಮನೇಲೂ ಏನೂ ತಗೊಳ್ಳೋ ಹಾಗಿಲ್ಲ" ಎಂದುಬಿಟ್ಟಳು ಕಾರ್ಡಕ್ಕ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ನಾವು ಎನ್ನಲು ಈಗ ಯಾರಿದ್ದರು?

ಹುಡುಗಿ ಹೊದಿಕೆಯ ಎದುರು ಅಂಚು ಹಿಡಿದು ಜಗ್ಗಿದಳು. ಇಬ್ಬರೂ ಮಡಿಸಿದರು.

"ಕೋಪ ಹೋಗಿಲ್ಲ ನಂಗೆ."

"ಇರಲಿ."

"ಎಲ್ಲ ಸಲಾನೂ ಹನ್ನೆರಡು ತಿಂಗಳದ್ದೇ ಆರಿಸಿದೆ ಅಂದ್ಕೋಬೇಡ. ಎರಡು ಸಲ ಎಂಟರದ್ದು ತಗೊಂಡೆ. ಆ ಕಂತೆಗಳಲ್ಲಿ ಹನ್ನೆರಡರದ್ದು ತಗೊಂಡ್ರೆ ಓದು ಒಂದು ವರ್ಷ ಜಾಸ್ತಿ ಆಗ್ತಿತ್ತು."

"ಅದನ್ನ ಯಾರಿಗೂ ಹೇಳಬಾರದು ಕಣೇ, ಉತ್ತರ ಕೊಟ್ಟವರು."

"ಗೊತ್ತು ಬಿಡು," ಎಂದು ಪಿಟೀಲು ಹೊದಿಕೆಯನ್ನು ಕಪಾಟಿಗೆ ತುರುಕಿ, ಬಾಗಿಲು ಹಾಕಿಕೊಳ್ಳದಿದ್ದಾಗ ಮೊಣಕೈಯಿಂದ ನೂಕಿದಳು. "ಆ ಟೀ ಆರಿಹೋಗಿದೆ. ಬಿಸಿ ಮಾಡ್ಲಾ, ಹಾಗೇ ಕುಡೀತೀಯಾ?"